ಪಾತ್ರೆ ತೊಳೆಯದ ಅಡುಗೆ

ದುಡ್ಡು ಕೊಟ್ಟು ಮುದ್ದೆ ಮಾಡುವುದನ್ನು ಕಲಿತು ಬಂದೆ ಎಂದರೆ ನಮ್ಮ ಬೀದಿಯಲ್ಲಿ ಯಾರೂ ನಂಬಲಿಲ್ಲ. ಪಕ್ಕದ ಮನೆಯವರಂತೂ, "ನಿಮಗೇನ್ರೀ ಬಂತು? ಮೂವತ್ತು ವರ್ಷದಿಂದ ನಿಮ್ಮನೇಲಿ ಹಿಟ್ಟು ತೊಳಸ್ತಿರೋದು ಯಾರು?" ಎಂದು ನಕ್ಕರು. ತೊಳಸುತ್ತಿರುವುದು ನಾನೇ. ಆದರೂ ಹೋಗಿದ್ದೆ. ಹೋದದ್ದಷ್ಟೇ ಅಲ್ಲ, ಅದೇ ದಿನ ಸಂಜೆ ಬೆಂಗಳೂರಿನಲ್ಲಿ ರಾಗಿಯ ಬಿಯರನ್ನೂ ರುಚಿ ನೋಡಿ ಬಂದೆ. ಈ ಎರಡನೆಯದನ್ನು ಪಕ್ಕದ ಮನೆಯವರಿಗೆ ಹೇಳಿಲ್ಲ. ನಿಮಗೆ ಹೇಳುತ್ತಿದ್ದೇನೆ.

ಆದದ್ದು ಹೀಗೆ. ನನ್ನ ತಂಗಿಯ ಮಗಳು ಹಾರೋಹಳ್ಳಿ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯ ಆಫೀಸಿನಲ್ಲಿದ್ದಾಳೆ. ಮಾರ್ಚ್ 8ರ ಮಹಿಳಾ ದಿನಕ್ಕೆ ಅಲ್ಲಿಯ ಹೆಣ್ಣುಮಕ್ಕಳನ್ನೆಲ್ಲ ಒಂದು ದಿನ ಹೊರಗೆ ಕರೆದುಕೊಂಡು ಹೋಗುವುದೆಂದು ತೀರ್ಮಾನವಾಯಿತು. ಹಿಂದಿನ ವರ್ಷ ಒಂದೊಂದು ಗುಲಾಬಿ, ಒಂದೊಂದು ಸ್ಟೀಲ್ ಡಬ್ಬಿ ಕೊಟ್ಟಿದ್ದರಂತೆ. ಈ ಸಲ ಎಲ್ಲರೂ ಸೇರಿ ಕೈಯಾರೆ ಅಡುಗೆ ಮಾಡುವ ತರಗತಿ. ಜಾಗ, ಕನಕಪುರ ರಸ್ತೆಯ ಒಂದು ತೋಟದ ಮನೆ. ಬರಬೇಕಿದ್ದ ಒಬ್ಬಾಕೆಯ ಮಗುವಿಗೆ ಜ್ವರ ಬಂದು ಒಂದು ಸ್ಥಾನ ತೆರವಾಯಿತು. "ದೊಡ್ಡಮ್ಮ, ನೀನು ಬಾ. ದುಡ್ಡು ಮಾತ್ರ ನೀನೇ ಕೊಡಬೇಕು" ಎಂದಳು. ಕೊಟ್ಟೆ.

ಹಾರೋಹಳ್ಳಿಯನ್ನು ಕಾಣದವರಿಗೆ ಒಂದೆರಡು ಮಾತು ಹೇಳಬೇಕು. ಬೆಂಗಳೂರಿನಿಂದ ಕನಕಪುರಕ್ಕೆ ಹೋಗುವ ಹೆದ್ದಾರಿಯಲ್ಲಿ ಅರ್ಧ ದಾರಿ ಕಳೆದ ಮೇಲೆ ಸಿಗುವ ಊರು ಇದು. ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ ಜಮೀನು ತೆಗೆದುಕೊಂಡು ಹಂತಹಂತವಾಗಿ ಶೆಡ್ಡು, ರಸ್ತೆಗಳನ್ನು ಏಳಿಸುವ ಮುಂಚೆ ಇದು ರಾಗಿ, ಹುರುಳಿ, ಹಿಪ್ಪುನೇರಳೆಯ ಸೀಮೆ. ಜಿಲ್ಲೆ 2007ರಲ್ಲಿ ರಾಮನಗರವಾಯಿತು, 2025ರಲ್ಲಿ ಬೆಂಗಳೂರು ದಕ್ಷಿಣವಾಯಿತು. ಹೊಲದ ಬದುವಿನಲ್ಲಿ ನಿಂತವರಿಗೆ ಇದರಿಂದ ಏನು ವ್ಯತ್ಯಾಸವಾಯಿತೋ ಕಾಣೆ. ಆದರೆ ನಿಮ್ಮ ಅಡುಗೆಮನೆಗೂ ಈ ಊರಿಗೂ ನಂಟಿರುವ ಸಂಭವ ಬಹಳ. ಪಿಜನ್ ಹೆಸರಿನ ಕುಕ್ಕರು, ಗ್ಯಾಸ್ ಒಲೆ, ಅಂಟದ ಕಾವಲಿಗಳನ್ನು ಮಾಡುವ ಸ್ಟವ್‌ಕ್ರಾಫ್ಟ್ ಕಂಪನಿಯ ದೊಡ್ಡ ಕಾರ್ಖಾನೆ ಇಲ್ಲೇ ಇದೆ. ಬೆಳಗಿನ ಪಾಳಿಯ ಹೊತ್ತಿಗೆ ಹೆದ್ದಾರಿಯ ಬದಿಯಲ್ಲಿ ನಿಂತರೆ ಬಸ್ಸು, ಟೆಂಪೊಗಳಿಂದ ಹೆಂಗಸರು ಇಳಿಯುತ್ತಲೇ ಇರುತ್ತಾರೆ. ಕೈಯಲ್ಲಿ ಊಟದ ಡಬ್ಬಿ. ನಸುಕಿನಲ್ಲೇ ಎದ್ದು ಮನೆಯವರಿಗೆಲ್ಲ ಬೇಯಿಸಿಟ್ಟು, ತಮ್ಮ ಪಾಲನ್ನು ಡಬ್ಬಿಗೆ ಹಾಕಿಕೊಂಡು ಬಂದವರು. ಇವರಿಗೇ ಅಡುಗೆಯ ತರಗತಿ!

ತೋಟದ ಮನೆಯ ಹಜಾರದಲ್ಲಿ ನಾಲ್ಕು ಉದ್ದ ಮೇಜು, ಒಂದೊಂದರ ಮೇಲೂ ಒಲೆ, ಹೊಳೆಯುವ ಹೊಸ ಪಾತ್ರೆ. ಆಫೀಸಿನ ಹುಡುಗಿಯರು, ಯಂತ್ರದ ಮೇಲೆ ಕೆಲಸ ಮಾಡುವವರು, ಕ್ಯಾಂಟೀನಿನವರು ಎಲ್ಲ ಸೇರಿ ಇಪ್ಪತ್ತೆರಡು ಜನ. ಎಲ್ಲರ ಕೊರಳಿಗೂ ಒಂದೊಂದು ಏಪ್ರನ್ ತೊಡಿಸಿದರು. ಕಲಿಸುವವನು ಹೋಟೆಲ್ ಮ್ಯಾನೇಜ್‌ಮೆಂಟ್ ಓದಿದ ಹುಡುಗ, ಮೂವತ್ತು ದಾಟಿರಲಾರದು. ಅವತ್ತಿನ ಪಟ್ಟಿಯಲ್ಲಿ ಮುದ್ದೆ, ಸೊಪ್ಪಿನ ಬಸ್ಸಾರು, ಪಲ್ಯ, ಕೊನೆಯಲ್ಲಿ ರಾಗಿ ಹಾಲುಬಾಯಿ. ಕನಕಪುರ ಸೀಮೆಯ ಹೆಂಗಸರಿಗೆ ಮುದ್ದೆ ಕಲಿಸುವುದೆಂದರೆ ಮೀನಿಗೆ ಈಜು ಕಲಿಸಿದ ಹಾಗೆ ಎಂದು ನಾನು ಒಳಗೊಳಗೇ ನಗುತ್ತ ನಿಂತಿದ್ದೆ.

ನಗು ಬಹಳ ಹೊತ್ತು ಉಳಿಯಲಿಲ್ಲ. ಹಿಟ್ಟು ಏಕೆ ಗಂಟಾಗುತ್ತದೆ ಎಂದು ಆತ ವಿವರಿಸಿದ. ಕುದಿಯುವ ಎಸರಿಗೆ ಹಿಟ್ಟು ಸುರಿದ ಕೂಡಲೇ ಅದರ ಹೊರಮೈಯ ಪಿಷ್ಟ ಬೆಂದು ಅಂಟಾಗಿ ಒಂದು ಚೀಲದಂತೆ ಕಟ್ಟಿಕೊಳ್ಳುತ್ತದೆ, ಆಮೇಲೆ ನೀರು ಒಳಗೆ ಇಳಿಯುವುದಿಲ್ಲ, ಒಳಗಿನದು ಹಸಿಯಾಗಿಯೇ ಉಳಿಯುತ್ತದೆ. ಮೊದಲು ಒಂದು ಚಮಚ ಹಿಟ್ಟನ್ನು ತಣ್ಣೀರಿನಲ್ಲಿ ಕದಡಿ ಎಸರಿಗೆ ಬಿಡುವುದು, ಮಿಕ್ಕ ಹಿಟ್ಟನ್ನು ಗೋಪುರದಂತೆ ಸುರಿದು ಕೋಲಿನಿಂದ ನಡುವೆ ತೂತು ಮಾಡಿ ಕುದಿಯಲು ಬಿಡುವುದು, ಕಾಲುಗಳ ನಡುವೆ ಪಾತ್ರೆಯನ್ನು ಕವೆಗೋಲಿನಿಂದ ಒತ್ತಿಹಿಡಿದು ತೊಳಸುವುದು, ಎಲ್ಲವೂ ನನಗೆ ಗೊತ್ತಿದ್ದದ್ದೇ. ಆದರೆ ಏಕೆ ಎಂದು ಗೊತ್ತಿರಲಿಲ್ಲ. ನಮ್ಮತ್ತೆಯನ್ನು ಕೇಳಿದರೆ, "ಕೈ ಹದಕ್ಕೆ ಬರಬೇಕು" ಎನ್ನುತ್ತಿದ್ದರು. ಅದಕ್ಕಿಂತ ಹೆಚ್ಚು ಹೇಳಲು ಅವರಿಗೆ ಪುರುಸೊತ್ತಿರಲಿಲ್ಲ. ಹೊಸ ಸೊಸೆಯಾಗಿ ನಾನು ಗಂಟು ಮುದ್ದೆ ಬಡಿಸಿ ಅನ್ನಿಸಿಕೊಂಡ ಮಾತುಗಳಿಗೆ ಕಾರಣ ಪಿಷ್ಟ ಎಂದು ತಿಳಿಯಲು ಇಷ್ಟು ವರ್ಷ ಬೇಕಾಯಿತು. ಈ ತರಗತಿಗಳನ್ನು ಹಗುರವಾಗಿ ಕಾಣುವವರಿಗೆ ಇದನ್ನು ಹೇಳಲೇಬೇಕು. ಕೈಯ ತಿಳಿವಳಿಕೆಗೆ ಬಾಯಿ ಕೊಡುವುದು ಸಣ್ಣ ಕೆಲಸವಲ್ಲ.

ನಮ್ಮ ಮೇಜಿನಲ್ಲಿ ಕೋಡಿಹಳ್ಳಿ ಕಡೆಯ ಒಬ್ಬಾಕೆ ಇದ್ದಳು. ನಲವತ್ತರ ಆಸುಪಾಸು, ಪ್ಯಾಕಿಂಗಿನಲ್ಲಿ ಕೆಲಸ. ಹುಡುಗಿಯರು ತೊಳಸಲಾರದೆ ಉಸ್ಸೆನ್ನುತ್ತಿದ್ದರೆ ಈಕೆ ಕೈಕಟ್ಟಿ ಕುಳಿತಿದ್ದಳು. "ನೀವಾದರೂ ತೋರಿಸಿಕೊಡಬಾರದೇ?" ಎಂದೆ. "ದಿನಾ ಮಾಡೋದೇ ಅಲ್ವ ಅಕ್ಕ. ಇವತ್ತು ಬೇರೆ ಯಾರೋ ಮಾಡ್ತಾವ್ರೆ. ನೋಡ್ಕೊಂಡು ಕೂತ್ಕೋತೀನಿ ಬುಡಿ" ಎಂದಳು. ಇಡೀ ದಿನ ನಾನು ಕೇಳಿದ ವಿಮರ್ಶೆಗಳಲ್ಲಿ ಇದೇ ಸರಿಯಾದದ್ದು ಎಂದು ಈಗಲೂ ಅನ್ನಿಸುತ್ತದೆ.

ಏಕೆಂದರೆ ನನಗೂ ಅಂದು ಅಪಾರ ಸಂತೋಷವಾಯಿತು. ಈರುಳ್ಳಿ ಹೆಚ್ಚಿದೆ, ಬೆಳ್ಳುಳ್ಳಿ ಸುಲಿದೆ, ಗುರುತಿಲ್ಲದ ಹುಡುಗಿಯರೊಡನೆ ಹರಟಿದೆ, ಬಸಿದ ನೀರಿನ ರುಚಿ ನೋಡಿ ಉಪ್ಪು ಸಾಲದು ಎಂದು ವಾದ ಮಾಡಿದೆ. ಮನೆಯಲ್ಲಿ ಇದೇ ಈರುಳ್ಳಿಯನ್ನು ಇದೇ ಕೈ ಹೆಚ್ಚುವಾಗ ಈ ಸಂತೋಷ ಎಲ್ಲಿರುತ್ತದೆ? ಹತ್ತು ಜನ ಜೊತೆಗಿದ್ದರು ಎಂಬುದು ಒಂದು ಕಾರಣ. ಆದರೆ ಅದೊಂದೇ ಅಲ್ಲ. ಆ ಅಡುಗೆಗಾಗಿ ಯಾರೂ ಕಾದು ಕುಳಿತಿರಲಿಲ್ಲ. ಕೆಟ್ಟರೆ ಯಾರ ಮುಖವೂ ಸಣ್ಣದಾಗುತ್ತಿರಲಿಲ್ಲ. ಸೊಪ್ಪನ್ನು ಯಾರೋ ಸೋಸಿಟ್ಟಿದ್ದರು, ಕಾಯಿ ತುರಿದಿಟ್ಟಿದ್ದರು, ಇವತ್ತು ಏನು ಮಾಡುವುದು ಎಂಬ ದಿನನಿತ್ಯದ ತಲೆಬಿಸಿಯನ್ನು ಇನ್ನಾರೋ ಮುಂಚೆಯೇ ಮುಗಿಸಿದ್ದರು. ಊಟವಾದ ಮೇಲೆ, ತಳ ಹಿಡಿದ ಮುದ್ದೆಯ ಪಾತ್ರೆಗಳನ್ನು ಎತ್ತಿಕೊಂಡು ಇಬ್ಬರು ಹೆಂಗಸರು ಸದ್ದಿಲ್ಲದೆ ಹಿತ್ತಲಿಗೆ ಹೋದರು.

ಕೈಯಾರೆ ಮಾಡುವ ಅಡುಗೆ ಎಂದು ಬರೆದಿದ್ದರಲ್ಲ, ಆ ಕೈ ಅಲ್ಲಿಗೆ ನಿಂತುಬಿಡುತ್ತದೆ. ಈ ಬಗೆಯ ತರಗತಿಗಳು ಅಡುಗೆಯನ್ನು ತಲೆ, ಬಾಲ ಎರಡನ್ನೂ ಕತ್ತರಿಸಿ ನಡುವಿನ ತುಂಡನ್ನು ನಮ್ಮ ಕೈಗಿಡುತ್ತವೆ. ಆ ತುಂಡು ರುಚಿಯಾಗಿಯೇ ಇರುತ್ತದೆ. ಕಡಾಯಿಯ ಮುಂದೆ ನಿಂತ ಗಂಡಸರ ಪಾಕಪ್ರಾವೀಣ್ಯವೂ ಬಹುಪಾಲು ಈ ತುಂಡೇ. ನಳಪಾಕವೆಂದು ಹೊಗಳುವಾಗ ನಳನ ಪಾತ್ರೆ ತೊಳೆದವರು ಯಾರೆಂದು ಯಾರೂ ಕೇಳಿದ್ದಿಲ್ಲ. ನಮ್ಮ ಭಾಷೆಯಲ್ಲಿ ಹದಿನಾರನೆಯ ಶತಮಾನದಷ್ಟು ಹಿಂದೆಯೇ ಮಂಗರಸನ ಸೂಪಶಾಸ್ತ್ರವಿದೆ. ಅಡುಗೆಯ ಆ ಕಾವ್ಯವನ್ನು ಬರೆದವನೂ ಗಂಡಸೇ.

ಹಿಂದೆ ಎಲ್ಲರೂ ಕೂಡಿ ಮಾಡುತ್ತಿದ್ದೆವು, ಈಗ ಅದನ್ನೇ ಮಾರುತ್ತಾರೆ ಎಂದು ಬರೆಯುವುದು ಸುಲಭ. ನಾನು ಹಾಗೆ ಬರೆಯಲಾರೆ. ಮಹಡಿಯ ಮೇಲೆ ಹಪ್ಪಳ ಒತ್ತುವುದು, ಚಪ್ಪರದ ರಾತ್ರಿ ಸುತ್ತ ಕುಳಿತು ತರಕಾರಿ ಹೆಚ್ಚುವುದು, ಇವುಗಳ ಸಡಗರವನ್ನು ಕಂಡವಳು ನಾನು. ಆ ಸಡಗರದಲ್ಲೂ ನಡುಮನೆಯಲ್ಲಿ ಕುಳಿತು ಹಾಡು ಹೇಳುತ್ತಿದ್ದವರು ಕೆಲವರು, ಬಚ್ಚಲ ಕಡೆ ಕೊಳದಪ್ಪಲೆ ಉಜ್ಜುತ್ತಿದ್ದವರು ಬೇರೆ ಕೆಲವರು. ಬಡ ನೆಂಟರ ಪೈಕಿಯ ಒಬ್ಬ ವಿಧವೆ ನಮ್ಮ ಮನೆಯ ಮದುವೆಗಳಿಗೆಲ್ಲ ಎಂಟು ದಿನ ಮುಂಚೆ ಬರುತ್ತಿದ್ದರು. ಒಂದು ಫೋಟೋದಲ್ಲೂ ಅವರಿಲ್ಲ.

ಊಟ ಮುಗಿದ ಮೇಲೆ ಕೋಡಿಹಳ್ಳಿಯಾಕೆ ಕಾಣಲಿಲ್ಲ. ಹುಡುಕಿಕೊಂಡು ಹೋದರೆ ಹಿತ್ತಲಿನಲ್ಲಿ ಪಾತ್ರೆ ತೊಳೆಯುವವರ ಪಕ್ಕ ಕುಕ್ಕರುಗಾಲಿನಲ್ಲಿ ಕುಳಿತು ಮಾತಾಡುತ್ತಿದ್ದಳು. ಅವರಲ್ಲಿ ಒಬ್ಬಳು ಅವಳ ತವರಿನ ಪಕ್ಕದೂರಿನವಳಂತೆ. ಮಾತಿನ ನಡುವೆ ಅವಳ ಕೈ ತನ್ನಷ್ಟಕ್ಕೆ ತೊಳೆದ ಲೋಟಗಳನ್ನು ಬೋರಲು ಹಾಕುತ್ತಿತ್ತು.

ನಾಲ್ಕು ಗಂಟೆಗೆ ಕಾರ್ಖಾನೆಯ ಬಸ್ಸು ಹಾರೋಹಳ್ಳಿಯ ಕಡೆ ತಿರುಗಿತು. ಆಫೀಸಿನ ನಾಲ್ಕೈದು ಹುಡುಗಿಯರು ಮಾತ್ರ ತಮ್ಮ ಖರ್ಚಿನಲ್ಲಿ ಬೆಂಗಳೂರಿಗೆ ಹೋಗುವವರಿದ್ದರು, ರಾಗಿ ಬಿಯರ್ ರುಚಿ ನೋಡಲು. ನನ್ನನ್ನೂ ಎಳೆದರು. ಬಸ್ಸು ಹತ್ತುತ್ತಿದ್ದ ಕೋಡಿಹಳ್ಳಿಯಾಕೆಯ ಕಿವಿಗೆ ಅದು ಬಿತ್ತು. "ರಾಗೀಲೂ ಮಾಡ್ತಾರಾ?" ಎಂದು ನಕ್ಕಳು. ಆಮೇಲೆ ದನಿ ತಗ್ಗಿಸಿ, "ನಮ್ಮನೇರಿಗೆ ಬುಡ್ಸೋಕೆ ನಾನು ಹೊರದ ಹರಕೆ ಇಲ್ಲ ಅಕ್ಕ. ನೀವು ದುಡ್ಡು ಕೊಟ್ಟು ನೋಡ್ಕೊಂಡು ಬರ್ತೀನಿ ಅಂತೀರ" ಎಂದಳು. ಬೈಗುಳವಿರಲಿಲ್ಲ ಆ ಮಾತಿನಲ್ಲಿ. ಹಾಗಿದ್ದರೆ ಚೆನ್ನಾಗಿತ್ತು.

ಬೆಂಗಳೂರಿಗೆ ಬಿಯರ್ ಹೊಸದಲ್ಲ. ದಕ್ಷಿಣದ ಹಳೆಯ ಬ್ರೂವರಿಗಳನ್ನು ಒಂದುಗೂಡಿಸಿ ಯುನೈಟೆಡ್ ಬ್ರೂವರೀಸ್ ಆದದ್ದು 1915ರಲ್ಲಿ. ಸ್ವಾತಂತ್ರ್ಯದ ಹೊತ್ತಿಗೆ ಅದು ವಿಠಲ ಮಲ್ಯರ ಕೈಗೆ ಬಂತು, 2021ರಲ್ಲಿ ನಿಯಂತ್ರಣ ಹೈನೆಕೆನ್ ಕಂಪನಿಗೆ ಹೋಯಿತು. ಇದು ಬಾಟಲಿಯ ಬಿಯರಿನ ಕತೆ. ಕುಡಿಯುವ ಜಾಗದಲ್ಲೇ ಕಣ್ಣೆದುರು ಕಾಯಿಸಿ, ಹುದುಗಿಸಿ, ನಲ್ಲಿಯಿಂದ ಲೋಟಕ್ಕೆ ಬಿಡುವ ಪುಟ್ಟ ಬ್ರೂವರಿಗಳು ಶುರುವಾದದ್ದು 2010ರ ಆಸುಪಾಸಿನಲ್ಲಿ, ಇಂದಿರಾನಗರದ ಟಾಯ್ಟ್, ಲ್ಯಾವೆಲ್ ರಸ್ತೆಯ ಬಿಯರ್ ಕ್ಲಬ್ ಮೊದಲಾದವು. ಈಗ ಅವು ಊರ ತುಂಬ. ನಾವು ಹೋದದ್ದು ಹೆಸರು ಹೇಳಬೇಕಾಗಿಲ್ಲದ ಒಂದಕ್ಕೆ.

ಗಾಜಿನ ಗೋಡೆಯಾಚೆ ಹಂಡೆಯಂಥ ದೊಡ್ಡ ಸ್ಟೀಲ್ ಪಾತ್ರೆಗಳು. ಬಿಯರ್ ಮಾಡುವ ಹುಡುಗ ಮಂಡ್ಯ ಕಡೆಯವನು. ನನ್ನ ವಯಸ್ಸಿನವರು ಅಲ್ಲಿಗೆ ಬಂದದ್ದಕ್ಕೋ ಏನೋ, ತಾನಾಗಿಯೇ ಬಂದು ಎಲ್ಲವನ್ನೂ ವಿವರಿಸಿದ. ಧಾನ್ಯ ನೆನೆಸಬೇಕು, ಮೊಳಕೆ ಬರಿಸಬೇಕು, ಒಣಗಿಸಬೇಕು, ಒಡೆಯಬೇಕು. ಮೊಳೆಯುವಾಗ ಕಾಳಿನೊಳಗೆ ಹುಟ್ಟುವ ಕಿಣ್ವಗಳು ಅರವತ್ತೈದು ಡಿಗ್ರಿಯ ಸುಮಾರಿನ ಬಿಸಿನೀರಿನಲ್ಲಿ ಪಿಷ್ಟವನ್ನು ಸಕ್ಕರೆಯಾಗಿ ಮಾಡುತ್ತವೆ. ಬಸಿದ ಸಿಹಿನೀರನ್ನು ಹಾಪ್ಸ್ ಎಂಬ ಕಹಿ ಹೂವಿನೊಡನೆ ಕುದಿಸಿ, ಆರಿಸಿ, ಈಸ್ಟ್ ಬೆರೆಸಿ ವಾರಗಟ್ಟಲೆ ಬಿಡಬೇಕು. ಕೇಳುತ್ತ ಕೇಳುತ್ತ ನನಗೆ ಇದು ಎಲ್ಲೋ ಗೊತ್ತಿರುವ ಕೆಲಸವಲ್ಲ ಎನ್ನಿಸತೊಡಗಿತು. ಅಲ್ಲ, ಗೊತ್ತಿರುವುದೇ! ನನ್ನ ಮಗನಿಗೆ ಆರು ತಿಂಗಳಾದಾಗ ಅಮ್ಮ ರಾಗಿಯನ್ನು ರಾತ್ರಿಯಿಡೀ ನೆನೆಸಿ, ಒದ್ದೆ ಬಟ್ಟೆಯಲ್ಲಿ ಕಟ್ಟಿ, ಎರಡು ದಿನಕ್ಕೆ ಮೊಳಕೆ ಬರಿಸಿ, ಬಿಸಿಲಿಗೆ ಒಣಗಿಸಿ, ಬೇರನ್ನು ಉಜ್ಜಿ ತೆಗೆದು, ಹದವಾಗಿ ಹುರಿದು ಬೀಸಿ, 'ಸರಿ' ಮಾಡಿ ಉಣ್ಣಿಸಿದ್ದರು. ಮಗುವಿನ ಹೊಟ್ಟೆಗೆ ಹಗುರ ಎಂದಿದ್ದರು. ಹಗುರವಾಗಲು ಕಾರಣ ಆ ಕಿಣ್ವಗಳೇ. ನಮ್ಮ ಸಿರಿಧಾನ್ಯಗಳಲ್ಲೆಲ್ಲ ಮೊಳಕೆಗೆ ರಾಗಿಯಷ್ಟು ಒಗ್ಗುವುದು ಇನ್ನೊಂದಿಲ್ಲ. ಅಲ್ಲಿಯವರೆಗೆ ಮಗುವಿನ ಬಟ್ಟಲಿನ ದಾರಿ, ಲೋಟದ ದಾರಿ ಎರಡೂ ಒಂದೇ. ಸಿಕ್ಕಿಮಿನಲ್ಲಿ ಇದೇ ರಾಗಿಯನ್ನು ಹುದುಗಿಸಿ ಬಿದಿರಿನ ಪಾತ್ರೆಗೆ ತುಂಬಿ ಬಿಸಿನೀರು ಹುಯ್ದು ಹೀರುವ ತೋಂಗ್ಬಾ ಇದೆ. ಅದು ಮನೆಯ ಹೆಂಗಸರ ಕೈಯಲ್ಲೇ ಬಂದ ವಿದ್ಯೆ. ಯುರೋಪಿನಲ್ಲೂ ಬಿಯರ್ ದೊಡ್ಡ ವ್ಯಾಪಾರವಾಗುವವರೆಗೆ ಹೆಂಗಸರದೇ ಕೆಲಸವಾಗಿತ್ತು.

"ರಾಗಿಯದ್ದು ಒಂದೇ ತೊಂದರೆ ಮೇಡಂ. ಬಾರ್ಲಿಗೆ ಹೊಟ್ಟು ಇರುತ್ತೆ, ಬಸಿಯೋವಾಗ ಅದೇ ಜರಡಿ ಥರ ಆಗುತ್ತೆ. ರಾಗಿಗೆ ಹೊಟ್ಟಿಲ್ಲ. ಜಾಸ್ತಿ ಹಾಕಿದ್ರೆ ಪೈಪಿನೊಳಗೆ ಮುದ್ದೆ!" ಎಂದು ನಕ್ಕ. ಹಾಗಾಗಿ ಬಾರ್ಲಿಯೇ ಹೆಚ್ಚು, ರಾಗಿ ಕಡಿಮೆ. ಬಾರ್ಲಿ ಎಲ್ಲಿಯದು ಎಂದು ಕೇಳಿದೆ. ಜರ್ಮನಿಯದು. ಹಾಪ್ಸ್? ಅದೂ ಹೊರಗಿನದೇ, ನಮ್ಮ ಸೀಮೆಯಲ್ಲಿ ಬೆಳೆಯುವುದಿಲ್ಲ. ಪಟ್ಟಿಯಲ್ಲಿ ಮಾತ್ರ 'ನಮ್ಮ ನೆಲದ ಬಿಯರ್' ಎಂದು ಅಚ್ಚು ಹಾಕಿಸಿದ್ದರು. ನೀರು, ಕೈ, ಒಂದಿಷ್ಟು ರಾಗಿ, ಇಷ್ಟು ನಮ್ಮವು. ಹುಡುಗ ಅದನ್ನು ಮುಚ್ಚಿಡಲಿಲ್ಲ ಎಂಬುದು ಅವನ ದೊಡ್ಡತನ, ಪಟ್ಟಿ ಬರೆದವರದಲ್ಲ.

ಬೆಲೆಯ ಲೆಕ್ಕವನ್ನೂ ಹಾಕಿದೆ, ಹೆಂಗಸರಿಗೆ ಆ ಚಟ ಬಿಡುವುದಿಲ್ಲ. ಲೋಟಕ್ಕೆ ಮುನ್ನೂರು ಚಿಲ್ಲರೆ. ಅರ್ಧ ಲೀಟರು ಬಿಯರಿಗೆ ಸುಮಾರು ನೂರು ಗ್ರಾಂ ಧಾನ್ಯ ಬೇಕು. 2025-26ಕ್ಕೆ ಸರ್ಕಾರ ರಾಗಿಗೆ ಗೊತ್ತುಮಾಡಿದ ಬೆಂಬಲ ಬೆಲೆ ಕ್ವಿಂಟಾಲಿಗೆ 4886 ರೂಪಾಯಿ. ಅಷ್ಟೂ ರಾಗಿಯೇ ಎಂದುಕೊಂಡರೂ ಬೆಳೆದವರ ಪಾಲಿಗೆ ಐದು ರೂಪಾಯಿ ದಾಟದು. ತೆರಿಗೆ, ಬಾಡಿಗೆ, ಸಂಬಳಗಳಿವೆ, ಒಪ್ಪುತ್ತೇನೆ. ರಾಮಧಾನ್ಯ ಚರಿತೆಯಲ್ಲಿ ಕನಕದಾಸರು ಅಕ್ಕಿಯ ಎದುರು ರಾಗಿಯನ್ನು ಗೆಲ್ಲಿಸಿದ್ದರು. ಬಡವರ ಹಿಟ್ಟು ಎಂದು ಮೂಗು ಮುರಿದವರ ಮೊಮ್ಮಕ್ಕಳು ಈಗ ಅದಕ್ಕೆ ಮುನ್ನೂರು ಕೊಡುತ್ತಾರೆ. ಗೆಲುವು ಎಂದರೆ ಗೆಲುವೇ, ಆದರೆ ಯಾರದು ಎಂದು ಕೇಳಬೇಕಾಗುತ್ತದೆ.

ರುಚಿ ಹೇಗಿತ್ತು ಎಂದು ಹೇಳದೆ ಹೋದರೆ ವಿಮರ್ಶೆಯಾಗುವುದಿಲ್ಲ. ಬಣ್ಣ ತೆಳು ಕಂದು. ಮೂಗಿನ ಹತ್ತಿರ ತಂದಾಗ ಹುರಿಹಿಟ್ಟಿನ ವಾಸನೆ, ಸ್ಪಷ್ಟವಾಗಿ. ನಾಲಿಗೆಗೆ ಮೊದಲು ಹುಳಿಯಾದ ಅಂಬಲಿಯ ನೆನಪು, ಆಮೇಲೆ ಹಾಗಲಕಾಯಿಯದಲ್ಲದ ಒಂದು ಹೂವಿನ ಕಹಿ, ಕೊನೆಯಲ್ಲಿ ಮತ್ತೆ ರಾಗಿ. ಚೆನ್ನಾಗಿತ್ತು. ಅರ್ಧ ಲೋಟ ಕುಡಿದೆ. ಚೆನ್ನಾಗಿರಲಿಲ್ಲ ಎಂದು ಬರೆದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಏಕೆಂದರೆ ಲೋಟ ಎತ್ತಿದಾಗಲೆಲ್ಲ ಬಸ್ಸಿನ ಮೆಟ್ಟಿಲ ಮೇಲಿನ ಆ ಮಾತು ಅಡ್ಡ ಬರುತ್ತಿತ್ತು. ಪ್ಯಾಕೆಟ್ ಸಾರಾಯಿಯ ಕಾಲವನ್ನು ನೀವೂ ಕಂಡಿರುತ್ತೀರಿ. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಂತಿತು. ಕುಡಿತ ನಿಲ್ಲಲಿಲ್ಲ, ಅಗ್ಗದ ವಿಸ್ಕಿ, ಬ್ರಾಂದಿಗಳು ಅದರ ಜಾಗಕ್ಕೆ ಬಂದವು. 2019ರ ಜನವರಿಯಲ್ಲಿ ಮದ್ಯ ನಿಷೇಧ ಕೇಳಿ ಸಾವಿರಾರು ಹೆಂಗಸರು ಚಿತ್ರದುರ್ಗದಿಂದ ಬೆಂಗಳೂರಿನವರೆಗೆ ನಡೆದೇ ಬಂದರು. ಅವರು ನಡೆದು ಬಂದ ಊರಿನಲ್ಲೇ ಕುಳಿತು ನಾನು ಹುಳಿ, ಕಹಿ ಎಂದು ಚಪ್ಪರಿಸುತ್ತಿದ್ದೆ. ಕುಡಿಯುವ ಹೆಣ್ಣು ಕೆಟ್ಟವಳು ಎಂದು ನಾನು ಹೇಳುವುದಿಲ್ಲ, ಕುಡಿದರೆ ಸಮಾನತೆ ಬಂತು ಎಂದೂ ಒಪ್ಪುವುದಿಲ್ಲ. ನನ್ನ ಅರ್ಧ ಲೋಟಕ್ಕೆ ಹಿಂದೆ ಮುಂದೆ ಏನೂ ಇರಲಿಲ್ಲ. ಮನೆಗೆ ಹೋದರೆ ಯಾರೂ ಬಾಗಿಲಲ್ಲಿ ಹೆದರಿ ನಿಂತಿರುವುದಿಲ್ಲ. ಮಾರನೆಯ ದಿನದ ಕೂಲಿ ಕರಗಿರುವುದಿಲ್ಲ. ತಲೆ, ಬಾಲ ಕತ್ತರಿಸಿದ ಅಡುಗೆಯಂತೆ ಇದೂ ನಡುವಿನ ತುಂಡು. ಆಕೆಗೆ ಸಿಕ್ಕಿದ್ದು ಬಾಲ ಮಾತ್ರ.

ಹೊರಡುವಾಗ ಬಿಯರಿನ ಹುಡುಗನನ್ನು ಕೇಳಿದೆ, "ನಿನ್ನ ಕೆಲಸದಲ್ಲಿ ಕಷ್ಟದ್ದು ಯಾವುದಪ್ಪ?" ಅವನು ಯೋಚಿಸಲೇ ಇಲ್ಲ. "ತೊಳೆಯೋದು ಮೇಡಂ. ಬ್ರೂಯಿಂಗ್ ಅಂದ್ರೆ ಮುಕ್ಕಾಲು ಪಾಲು ತೊಳೆಯೋದೇ. ಒಂದು ಪೈಪು ಸರಿಯಾಗಿ ತೊಳೀಲಿಲ್ಲ ಅಂದ್ರೆ ಇಡೀ ಹಂಡೆ ಕೆಡುತ್ತೆ. ಕೆಲಸ ಕಲಿಯೋಕೆ ಬಂದೋರಿಗೆ ನಾನು ಮೊದಲು ಕಲಿಸೋದೇ ಅದು" ಎಂದ. ಎಷ್ಟು ಹೆಮ್ಮೆಯಿಂದ ಹೇಳಿದ! ಬಸಿದ ಮೇಲೆ ಉಳಿದ ಕಾಳಿನ ಚರಟ ಹಸುಗಳ ಮೇವಿಗೆ ಹೋಗುತ್ತದೆ ಎಂದೂ ಹೇಳಿದ. ಬೆಳಿಗ್ಗೆಯ ತರಗತಿಯ ಹುಡುಗನೂ ಜಾಣನೇ, ಪಿಷ್ಟದ ಗುಟ್ಟು ಬಲ್ಲವನು. ಆದರೆ ಮುದ್ದೆಯ ಪಾತ್ರೆಗೆ ತಳ ಹಿಡಿದದ್ದನ್ನು ಬಿಡಿಸುವುದು ಹೇಗೆ ಎಂದು ಅವನು ಒಂದು ಮಾತೂ ಹೇಳಲಿಲ್ಲ. ಅವನಿಗೆ ಅದು ಅಡುಗೆಯಲ್ಲ. ಇವನಿಗೆ ತೊಳೆಯುವುದೂ ಕಸುಬು. ಇಂಥ ತರಗತಿಗಳನ್ನು ನಡೆಸುವವರು ಯಾರಾದರೂ ಇದನ್ನು ಓದುತ್ತಿದ್ದರೆ ಕೊನೆಯ ಅರ್ಧ ಗಂಟೆಯನ್ನು ಅದಕ್ಕೆ ಮೀಸಲಿಡಿ ಎಂದು ಕೇಳಿಕೊಳ್ಳುತ್ತೇನೆ. ಆಫೀಸಿನ ಗಂಡಸರು ಬಂದ ದಿನವಂತೂ ತಪ್ಪದೆ.

ನಮ್ಮ ಹುಡುಗಿ ಕಲಿತದ್ದನ್ನು ಮರೆಯಲಿಲ್ಲ. ಮುಂದಿನ ಭಾನುವಾರ ತಂಗಿಯ ಮನೆಗೆ ಹೋದಾಗ ಅವಳೇ ಮುದ್ದೆಗೆ ನಿಂತಳು. ಅಳತೆ ಮಾಡಿ ನೀರಿಟ್ಟಳು, ಕದಡಿ ಬಿಟ್ಟಳು, ಗೋಪುರ ಮಾಡಿದಳು, ಬೆವರು ಸುರಿಸಿಕೊಂಡು ತೊಳಸಿದಳು. ಒಂದು ಗಂಟೂ ಇಲ್ಲ. ಅವಳಪ್ಪ ಎರಡನೆಯ ಮುದ್ದೆ ಹಾಕಿಸಿಕೊಂಡರು. ಎಲ್ಲರೂ ಹೊಗಳಿ, ಫೋಟೋ ತೆಗೆದು, ಊಟ ಮುಗಿಸಿ ಹಜಾರಕ್ಕೆ ಬಂದು ಕುಳಿತೆವು. ಸ್ವಲ್ಪ ಹೊತ್ತಿಗೆ ತಂಗಿ ಸೆರಗು ಸಿಕ್ಕಿಸಿಕೊಂಡು ಎದ್ದಳು.

"ಪಾತ್ರೆ?" ಎಂದೆ ನಾನು ಹುಡುಗಿಯ ಕಡೆ ನೋಡಿ.

"ನೆನೆಹಾಕಿದ್ದೀನಲ್ಲ ದೊಡ್ಡಮ್ಮ" ಎಂದಳು ಅವಳು, ಫೋನಿನಿಂದ ಕಣ್ಣೆತ್ತದೆ.